ಹೆಸರು ಹಿಡಿದು ಕರೆಯುವ ಯಂತ್ರ

ಈಚೆಗೆ ನಾನು ಆರುನೂರ ನಲವತ್ತು ಮಂದಿಗೆ ಪತ್ರ ಬರೆದೆ. ಬರೆದೆ ಎನ್ನುವುದಕ್ಕಿಂತ, ಒಂದು ಸಲ ಬರೆದು ಆರುನೂರ ನಲವತ್ತು ಸಲ ಕಳುಹಿಸಿದೆ ಎನ್ನುವುದೇ ಸರಿ. ಜಿಲ್ಲಾ ಕೇಂದ್ರವೊಂದರ ಹಳೆಯ ಕಾಲೇಜಿನ ಹಿರಿಯ ವಿದ್ಯಾರ್ಥಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ವಾರ್ಷಿಕ ಸಭೆಗೆ ಆಹ್ವಾನಿಸುವ ಆ ಇ-ಮೇಲ್‌ನಲ್ಲಿ ಪ್ರತಿಯೊಬ್ಬರ ಹೆಸರಿತ್ತು, ಅವರು ಪದವಿ ಮುಗಿಸಿದ ವರ್ಷವಿತ್ತು, 'ತಾವು ಕುಶಲವೆಂದು ಭಾವಿಸಿದ್ದೇನೆ' ಎಂಬ ಸಾಲೂ ಇತ್ತು. ಮೂರನೆಯ ದಿನ ಬಂದ ಉತ್ತರಗಳ ನಡುವೆ ಒಂದು ಹೀಗಿತ್ತು: 'ನನ್ನ ಪತಿಯ ಕ್ಷೇಮ ವಿಚಾರಿಸಿದ್ದೀರಿ. ಅವರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ವೈಕುಂಠ ಸಮಾರಾಧನೆಯ ದಿನ ತಾವು ನಮ್ಮ ಮನೆಗೆ ಬಂದಿದ್ದಿರಿ.'

ಹೌದು, ನಾನು ಹೋಗಿದ್ದೆ. ಅವರ ಭಾವಚಿತ್ರಕ್ಕೆ ಹೂವಿಟ್ಟು, ಎಲೆಯ ಮುಂದೆ ಕುಳಿತು ಊಟ ಮಾಡಿ ಬಂದಿದ್ದೆ. ಅವರಿಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ಹೆಸರಿನಲ್ಲಿ ಪತ್ರ ಬರೆದ ಯಂತ್ರಕ್ಕೆ ಗೊತ್ತಿರಲಿಲ್ಲ. ನಮ್ಮ ಸಂಘದ ಖಜಾಂಚಿಯವರು ತೀರಿಕೊಂಡ ಸದಸ್ಯರ ಸಾಲುಗಳಿಗೆಲ್ಲ ಪಟ್ಟಿಯಲ್ಲಿ ಬೂದು ಬಣ್ಣ ಹಚ್ಚಿದ್ದರು. ಮನುಷ್ಯರ ಕಣ್ಣಿಗೆ ಅಷ್ಟು ಸಾಕು. ಆದರೆ ಯಂತ್ರ ಓದುವುದು ಅಕ್ಷರವನ್ನು, ಬಣ್ಣವನ್ನಲ್ಲ. ಇದು ತಾಂತ್ರಿಕ ತಪ್ಪು ಎಂದು ಆ ತಾಯಿಗೆ ನಾನು ಹೇಳಬಹುದಿತ್ತು. ಹೇಳಲು ನಾಲಿಗೆ ಏಳಲಿಲ್ಲ. ಏಕೆಂದರೆ ಪತ್ರದ ಕೆಳಗೆ ಇದ್ದದ್ದು ಯಂತ್ರದ ಹೆಸರಲ್ಲ, ನನ್ನದು.

ಈ ಪ್ರಸಂಗ ನನ್ನೊಬ್ಬನ ಮುಜುಗರಕ್ಕೆ ಸೀಮಿತವಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಆದರೆ ನಿವೇಶನ ಮಾರುವವರಿಂದ ಹಿಡಿದು ನಿವಾಸಿಗಳ ಸಂಘದವರೆಗೆ, ದೇವಸ್ಥಾನದ ಸಮಿತಿಯಿಂದ ಹಿಡಿದು ಸರ್ಕಾರದ ಕರಡಿಗೆ ಆಕ್ಷೇಪಣೆ ಸಲ್ಲಿಸುವ ನಾಗರಿಕರವರೆಗೆ, ಇಂದು ಯಾರು ಬೇಕಾದರೂ ತಮ್ಮ ಸಾಮಾನ್ಯ ಇ-ಮೇಲ್ ಖಾತೆಯಿಂದಲೇ ನೂರಾರು ಮಂದಿಗೆ ಹೆಸರು ಹಿಡಿದು ಪತ್ರ ಕಳುಹಿಸಬಲ್ಲರು. ಈ ಸೌಲಭ್ಯವನ್ನು ಹೇಗೆ ಬಳಸಬೇಕು, ಯಾರು ಯಾವ ಅಳತೆಗೋಲಿನಿಂದ ನಿಯಂತ್ರಿಸಬೇಕು ಎಂಬ ಬಗ್ಗೆ ನಮ್ಮಲ್ಲಿ ಸ್ಪಷ್ಟತೆ ಇಲ್ಲ. ಕಾನೂನು ಬಹುಮಟ್ಟಿಗೆ ಮೌನವಾಗಿದೆ. ಮಾತನಾಡಿದಾಗಲೆಲ್ಲ ತಪ್ಪಾಗಿ ಮಾತನಾಡಿದೆ. ಆ ಮೌನದ ಜಾಗವನ್ನು ಕೆಲವೇ ಖಾಸಗಿ ಕಂಪನಿಗಳು ತುಂಬಿವೆ.

ಮೊದಲು ಈ ವಿದ್ಯೆಯ ಸ್ವರೂಪವನ್ನು ನೋಡೋಣ. ಇದರ ಹೆಸರು ಮೇಲ್ ಮರ್ಜ್. 1980ರ ದಶಕದಲ್ಲಿ ವರ್ಡ್‌ಸ್ಟಾರ್ ಬಳಸಿ ಕಚೇರಿಯ ಪತ್ರಗಳನ್ನು ಅಚ್ಚು ಹಾಕಿದವರಿಗೆ ಇದು ಹೊಸದಲ್ಲ. ಒಂದು ಕಡೆ ಹೆಸರು, ವಿಳಾಸ, ಇತರ ವಿವರಗಳ ಪಟ್ಟಿ. ಇನ್ನೊಂದು ಕಡೆ ನಡುನಡುವೆ ಖಾಲಿ ಜಾಗ ಬಿಟ್ಟ ಒಂದು ಮಾದರಿ ಪತ್ರ. ಯಂತ್ರ ಪಟ್ಟಿಯ ಒಂದೊಂದೇ ಸಾಲನ್ನು ಎತ್ತಿಕೊಂಡು ಆ ಜಾಗಗಳಲ್ಲಿ ತುಂಬುತ್ತ ಹೋಗುತ್ತದೆ. ಆಗ ಕಾಗದ, ಲಕೋಟೆ, ಅಂಚೆ ಚೀಟಿಗಳ ಖರ್ಚು ಇತ್ತು. ಆ ಖರ್ಚೇ ಒಂದು ಕಡಿವಾಣವಾಗಿತ್ತು. ಈಗ ಎಕ್ಸೆಲ್‌ನಂಥ ಒಂದು ಪಟ್ಟಿ, ಒಂದು ಉಚಿತ ಖಾತೆ, ಅರ್ಧ ಗಂಟೆಯ ಕೆಲಸ ಇದ್ದರೆ ಸಾಕು. ಅದಕ್ಕೂ ಮೊದಲು ನಾವು ಎಲ್ಲರ ವಿಳಾಸಗಳನ್ನೂ ಒಟ್ಟಿಗೆ ಸಿಸಿ ಸಾಲಿನಲ್ಲಿ ಹಾಕಿ ಕಳುಹಿಸುತ್ತಿದ್ದೆವು. ಒಬ್ಬರು 'ಎಲ್ಲರಿಗೂ ಉತ್ತರಿಸು' ಎಂಬುದನ್ನು ಒತ್ತಿದರೆಂದರೆ ಎರಡು ದಿನ ಶುಭಾಶಯಗಳ ಜಡಿಮಳೆ. ಅದಕ್ಕಿಂತ ಗಂಭೀರವಾದದ್ದು, ಒಬ್ಬರ ವಿಳಾಸ ಅವರನ್ನು ಕೇಳದೆಯೇ ಉಳಿದ ಆರುನೂರು ಮಂದಿಯ ಕೈ ಸೇರುತ್ತಿತ್ತು. ಆ ದೃಷ್ಟಿಯಿಂದ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಹೋಗುವ ಈ ಕ್ರಮ ನಿಸ್ಸಂದೇಹವಾಗಿ ಉತ್ತಮವೇ.

ಆದರೆ ಹೆಸರು ತುಂಬುವುದು ನಾವೆಣಿಸಿದಷ್ಟು ಸುಲಭದ ಕೆಲಸವಲ್ಲ. ಈ ಯಂತ್ರಗಳನ್ನು ರೂಪಿಸಿದವರ ಕಲ್ಪನೆಯಲ್ಲಿ ಹೆಸರಿನ ಮೊದಲ ಪದವೇ ವ್ಯಕ್ತಿಯನ್ನು ಕರೆಯುವ ಹೆಸರು. ನಮ್ಮಲ್ಲಿ ಮೊದಲು ಬರುವುದು ಊರಿನ, ತಂದೆಯ ಮೊದಲಕ್ಷರಗಳು. ಹೀಗಾಗಿ 'ಪ್ರಿಯ ಕೆ.', 'ಪ್ರಿಯ ಎಚ್.' ಎಂದು ಆತ್ಮೀಯತೆ ತೋರುವ ಪತ್ರಗಳು ನಮಗೆಲ್ಲ ಬಂದಿವೆ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಹೆಸರುಗಳು ವಿಭಕ್ತಿಗೆ ತಕ್ಕಂತೆ ಬಾಗುತ್ತವೆ. ರಾಮನಿಗೆ, ಸೀತೆಗೆ, ಗುರುವಿಗೆ ಎನ್ನುವಾಗ ಒಂದೊಂದು ಹೆಸರೂ ಒಂದೊಂದು ಬಗೆಯ ಪ್ರತ್ಯಯವನ್ನು ಬೇಡುತ್ತದೆ. ಖಾಲಿ ಜಾಗದಲ್ಲಿ ಹೆಸರನ್ನು ತುರುಕುವ ಯಂತ್ರಕ್ಕೆ ಈ ಸೂಕ್ಷ್ಮ ತಿಳಿಯದು. ಕೊನೆಗೆ ಎಲ್ಲ ಹೆಸರುಗಳ ಮುಂದೆ 'ಅವರಿಗೆ' ಎಂದು ಸೇರಿಸಿ ನಾನು ಪಾರಾದೆ. ಗೌರವಸೂಚಕ ಸರ್ವನಾಮವೇ ಯಂತ್ರದ ಮಾನ ಉಳಿಸಿತು.

ಇದು ಬರಿಯ ವ್ಯಾಕರಣದ ಮಾತಲ್ಲ. ಪತ್ರದ ಮೊದಲ ಸಾಲಿಗೆ ನಮ್ಮ ಹಿರಿಯರು ಕೊಟ್ಟ ಮಹತ್ವವನ್ನು ನೆನೆಯಬೇಕು. ತಂದೆಗೆ ತೀರ್ಥರೂಪು, ಕಿರಿಯರಿಗೆ ಚಿರಂಜೀವಿ, ಮುತ್ತೈದೆಗೆ ಸೌಭಾಗ್ಯವತಿ. ಅದರಲ್ಲಿ ಕಾಲ ಸರಿದಂತೆ ನಾವು ಬಿಡಬೇಕಾದ ತಾರತಮ್ಯಗಳೂ ಇದ್ದವು, ನಿಜ. ಆದರೆ ಲೇಖನಿ ಹಿಡಿದವನು ಎದುರಿಗಿರುವ ವ್ಯಕ್ತಿ ಯಾರು, ಈಗ ಯಾವ ಸ್ಥಿತಿಯಲ್ಲಿದ್ದಾರೆ ಎಂದು ಒಂದು ಕ್ಷಣ ಯೋಚಿಸದೆ ಮೊದಲ ಸಾಲನ್ನು ದಾಟುವಂತಿರಲಿಲ್ಲ. ಮದುವೆಯ ಕರೆಯೋಲೆಯ ಒಳಗೆ ಅಚ್ಚಾದ ಮಾತು ಎಲ್ಲರಿಗೂ ಒಂದೇ. ಆದರೂ ಲಕೋಟೆಯ ಮೇಲೆ ಹೆಸರನ್ನು ಕೈಯಿಂದ ಬರೆದು, ಮೂಲೆಗೆ ಅರಿಶಿನ ಸವರಿ, ಮನೆಗೆ ಹೋಗಿ ಕೊಟ್ಟಾಗ ಅದು ನಮ್ಮನ್ನೇ ಕರೆದಂತೆ. ಅಂದರೆ ಸಾಮೂಹಿಕ ಪತ್ರ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಹೆಸರು ಬರೆದವನು ಆ ಹೆಸರಿಗೆ ಬಾಧ್ಯನಾಗಿದ್ದಾನೆಯೇ ಎಂಬುದೇ ಪ್ರಶ್ನೆ.

ಈ ಬಾಧ್ಯತೆಯ ಪ್ರಶ್ನೆಯನ್ನು ಇ-ಮೇಲ್ ಜಗತ್ತು ಮೊದಲಿನಿಂದಲೂ ಸಂಖ್ಯೆಯ ಪ್ರಶ್ನೆಯಾಗಿ ಮಾತ್ರ ನೋಡಿದೆ. ಇಂಟರ್‌ನೆಟ್‌ನ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿ 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್ ಎಂಬವರು ತಮ್ಮ ಕಂಪನಿಯ ಕಂಪ್ಯೂಟರ್ ಪ್ರದರ್ಶನಕ್ಕೆ ಆಹ್ವಾನಿಸಿ ಸುಮಾರು ನಾನೂರು ಮಂದಿಗೆ ಒಂದೇ ಸಂದೇಶ ಕಳುಹಿಸಿದರು. ಅದನ್ನೇ ಮೊದಲ ಸ್ಪ್ಯಾಮ್ ಎಂದು ಗುರುತಿಸಲಾಗುತ್ತದೆ. ವಿಳಾಸಗಳನ್ನು ಅವರು ತೆಗೆದುಕೊಂಡದ್ದು ಮುದ್ರಿತ ವಿಳಾಸ ಪುಸ್ತಕದಿಂದ, ಯಾರನ್ನೂ ಕೇಳಿರಲಿಲ್ಲ. ಆ ಸಂದೇಶ ಜನರನ್ನು ಕೆರಳಿಸಿದ್ದು ಅದು ನಾನೂರು ಮಂದಿಗೆ ಹೋಯಿತೆಂದಲ್ಲ, ಕೇಳದೆ ಹೋಯಿತೆಂದು.

ಇಂದು ಜಿಮೇಲ್‌ನ ಸಾಮಾನ್ಯ ಖಾತೆಯಿಂದ ದಿನಕ್ಕೆ 500 ಇ-ಮೇಲ್‌ಗಳನ್ನು ಮೀರುವಂತಿಲ್ಲ. ಮೀರಿದರೆ ಖಾತೆಯಿಂದ ಒಂದು ದಿನದವರೆಗೂ ಏನನ್ನೂ ಕಳುಹಿಸಲಾಗದೆ ಹೋಗಬಹುದು. ನಾನು ಬಳಸಿದಂಥ ಸಣ್ಣ ಸ್ಕ್ರಿಪ್ಟ್ ಮೂಲಕ ಕಳುಹಿಸಿದರೆ ಮಿತಿ ಇನ್ನೂ ಕಡಿಮೆ, ದಿನಕ್ಕೆ 100. ನನ್ನ ಪತ್ರಗಳು ಏಳು ದಿನ ಹೋಗುತ್ತಲೇ ಇದ್ದವು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇನ್ನಷ್ಟು ಬಿಗಿ ನಿಯಮಗಳನ್ನು ತಂದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರು ತಮ್ಮ ಗುರುತನ್ನು ತಾಂತ್ರಿಕವಾಗಿ ದೃಢಪಡಿಸಬೇಕು. ಪ್ರಚಾರದ ಪತ್ರವಾದರೆ ಬೇಡವೆಂದವರು ಒಂದೇ ಕ್ಲಿಕ್ಕಿನಲ್ಲಿ ಹೊರಬರುವಂತಿರಬೇಕು. 'ಇದು ಸ್ಪ್ಯಾಮ್' ಎಂದು ದೂರುವವರ ಪ್ರಮಾಣ ಸಾವಿರಕ್ಕೆ ಮೂರನ್ನು ಮುಟ್ಟಬಾರದು. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್ ಖಾತೆಗಳಿಗಾಗಿ ಇಂಥವೇ ನಿಯಮಗಳನ್ನು ಜಾರಿಗೆ ತಂದಿತು.

ಈ ನಿಯಮಗಳು ಬಹುಪಾಲು ವಿವೇಕದವೇ. ನನ್ನ ಆಕ್ಷೇಪ ಬೇರೆಡೆ ಇದೆ. ಮೋಸಗಾರನಿಗೆ 500ರ ಮಿತಿ ದೊಡ್ಡದಲ್ಲ. ಅವನು ಹತ್ತು ಖಾತೆ ತೆರೆಯುತ್ತಾನೆ. ಮಿತಿಗೆ ತಲೆಬಾಗುವವರು ಗ್ರಂಥಾಲಯದ ಸಮಿತಿ, ರಕ್ತದಾನಿಗಳ ಬಳಗ, ಹೊರನಾಡಿನ ಕನ್ನಡ ಸಂಘ. ತಮ್ಮ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಏಕೆ ಬಿತ್ತು ಎಂದು ಕೇಳಲು ಇವರಿಗೆ ಸುಲಭವಾಗಿ ಬಾಗಿಲು ಸಿಗುವುದಿಲ್ಲ. ಅಂಚೆ ಇಲಾಖೆ ಕಾಗದ ತಲುಪಿಸದಿದ್ದರೆ ಅಂಚೆ ಕಚೇರಿಗೆ ಹೋಗಿ ಜಗಳವಾಡಬಹುದಿತ್ತು. ಇಲ್ಲಿ ಅಂಚೆಯಣ್ಣನೂ ನ್ಯಾಯಾಧೀಶನೂ ಒಬ್ಬನೇ, ಅವನು ಕಣ್ಣಿಗೆ ಕಾಣುವುದೂ ಇಲ್ಲ.

ಖಾಸಗಿಯವರು ಈ ಅಧಿಕಾರವನ್ನು ಕೈಗೆತ್ತಿಕೊಂಡದ್ದಕ್ಕೆ ನಮ್ಮ ಶಾಸಕಾಂಗದ ಉದಾಸೀನವೂ ಕಾರಣ. ಅಮೆರಿಕ 2003ರಲ್ಲಿಯೇ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮಾಡಿತು. ಬೇಡವೆಂದು ಹೇಳುವ ಹಕ್ಕನ್ನು ಅದು ಓದುಗನಿಗೆ ಕೊಟ್ಟಿತು. ಯುರೋಪಿನ ಒಕ್ಕೂಟ 2002ರ ನಿರ್ದೇಶನದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವ್ಯಾಪಾರದ ಇ-ಮೇಲ್‌ಗೆ ಮೊದಲೇ ಒಪ್ಪಿಗೆ ಪಡೆಯಬೇಕೆಂಬ ತತ್ವವನ್ನು ಅಂಗೀಕರಿಸಿತು. ನಮ್ಮಲ್ಲಿ ಟೆಲಿಫೋನ್ ಕರೆ ಹಾಗೂ ಎಸ್ಸೆಮ್ಮೆಸ್‌ಗಳ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ವಿಸ್ತಾರವಾದ ನಿಯಮಾವಳಿ ರೂಪಿಸಿತು; 1909ಕ್ಕೆ ದೂರು ನೀಡಬಹುದು. ಇ-ಮೇಲ್ ಅದರ ವ್ಯಾಪ್ತಿಯ ಹೊರಗುಳಿಯಿತು.

ಇ-ಮೇಲ್ ಕುರಿತು ನಮ್ಮ ಕಾನೂನು ಒಮ್ಮೆ ಮಾತನಾಡಿದ್ದುಂಟು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಎ ಕಲಮು, ಕಿರಿಕಿರಿ ಅಥವಾ ಅನನುಕೂಲ ಉಂಟುಮಾಡುವ ಉದ್ದೇಶದ ಇ-ಮೇಲನ್ನು ಮೂರು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವೆಂದಿತು. ಮೂಲದ ಬಗ್ಗೆ ಓದುಗನನ್ನು ದಾರಿ ತಪ್ಪಿಸುವ ಇ-ಮೇಲನ್ನೂ ಅದೇ ಸಾಲಿನಲ್ಲಿಟ್ಟಿತು. ಸ್ಪ್ಯಾಮ್ ತಡೆಯುವುದು ಅದರ ಒಂದು ನೆಪವಾಗಿತ್ತು. ಬಳಕೆಯಾದದ್ದು ಅಭಿಪ್ರಾಯ ಹೇಳಿದವರ ಬಂಧನಕ್ಕೆ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ತೀರ್ಪು ಸರಿಯಾದದ್ದೇ. ಆದರೆ ಸುಳ್ಳು ಹೆಸರಿನಲ್ಲಿ ಪತ್ರ ಕಳುಹಿಸುವುದನ್ನು ತಡೆಯಬಹುದಾಗಿದ್ದ ಅಂಶವೂ ಆ ಅಸ್ಪಷ್ಟ ಕಲಮಿನ ಜೊತೆಗೇ ಹೋಯಿತು. ಅದರ ಜಾಗದಲ್ಲಿ ಸ್ಪಷ್ಟವಾದ ಬೇರೊಂದನ್ನು ತರುವ ಗೋಜಿಗೆ ಯಾವ ಸರ್ಕಾರವೂ ಹೋಗಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ತತ್ವವನ್ನು ಒಪ್ಪಿಕೊಂಡಿದೆ ಎಂಬುದು ಸಮಾಧಾನದ ಸಂಗತಿ. ಅದರ ನಿಯಮಗಳು ಪ್ರಕಟವಾಗಲು 2025ರ ನವೆಂಬರ್ ಬರಬೇಕಾಯಿತು. ಮುಖ್ಯ ಕಟ್ಟುಪಾಡುಗಳಿಗೆ ಮತ್ತೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಯಿತು. ಒಬ್ಬರು ತಾವಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ವಿಳಾಸಕ್ಕೆ ಈ ಕಾಯ್ದೆಯ ರಕ್ಷಣೆ ಇಲ್ಲ. 1978ರ ಆ ವಿಳಾಸ ಪುಸ್ತಕವನ್ನು ನೆನಪಿಸಿಕೊಂಡರೆ ಇದರ ಅರ್ಥ ಸ್ಪಷ್ಟವಾಗುತ್ತದೆ.

ಇಲ್ಲಿಯವರೆಗೆ ವ್ಯಾಪಾರಿ ಮತ್ತು ಸಂಘಗಳ ಮಾತಾಯಿತು. ಇದೇ ವಿದ್ಯೆ ನಾಗರಿಕರ ಕೈಗೆ ಬಂದಾಗ ಏನಾಯಿತು ಎಂಬುದನ್ನೂ ಗಮನಿಸಬೇಕು. 66ಎ ರದ್ದಾದ ಮೂರನೆಯ ದಿನವೇ, ಅಂದರೆ 2015ರ ಮಾರ್ಚ್ 27ರಂದು, ಟ್ರಾಯ್ ಇಂಟರ್‌ನೆಟ್ ಸೇವೆಗಳ ನಿಯಂತ್ರಣ ಕುರಿತು ಸಮಾಲೋಚನಾ ಪತ್ರ ಪ್ರಕಟಿಸಿತು. ನೆಟ್ ನ್ಯೂಟ್ರಾಲಿಟಿಯ ಪರವಾಗಿದ್ದ ಸ್ವಯಂಸೇವಕರು ಅದರ ಪ್ರಶ್ನೆಗಳಿಗೆ ಮಾದರಿ ಉತ್ತರಗಳನ್ನು ಸಿದ್ಧಪಡಿಸಿಕೊಟ್ಟರು. ಜನ ತಮ್ಮ ತಮ್ಮ ಸ್ವಂತ ಖಾತೆಗಳಿಂದ ಅವನ್ನು ಕಳುಹಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಬಂದವು. ಟ್ರಾಯ್ ಏಪ್ರಿಲ್ ಕೊನೆಯಲ್ಲಿ ಅವನ್ನೆಲ್ಲ ಕಳುಹಿಸಿದವರ ಇ-ಮೇಲ್ ವಿಳಾಸಗಳ ಸಮೇತ ಜಾಲತಾಣದಲ್ಲಿ ಪ್ರಕಟಿಸಿಬಿಟ್ಟಿತು. ಪಾರದರ್ಶಕತೆಯ ಹೆಸರಿನಲ್ಲಿ ಲಕ್ಷಾಂತರ ವಿಳಾಸಗಳು ಸ್ಪ್ಯಾಮ್ ವ್ಯಾಪಾರಿಗಳಿಗೆ ಪುಕ್ಕಟೆಯಾಗಿ ದೊರೆತಂತಾಯಿತು. ನಾವು ಸಿಸಿಯಲ್ಲಿ ಮಾಡುತ್ತಿದ್ದ ತಪ್ಪನ್ನು ಒಂದು ಶಾಸನಬದ್ಧ ಪ್ರಾಧಿಕಾರ ಬೃಹತ್ ಪ್ರಮಾಣದಲ್ಲಿ ಮಾಡಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಫೇಸ್‌ಬುಕ್ ಈ ವಿದ್ಯೆಯನ್ನು ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಸಿತು; ತನ್ನ ಬಳಕೆದಾರರ ಹೆಸರಿನಲ್ಲಿ ಸಿದ್ಧ ಸಂದೇಶಗಳು ಟ್ರಾಯ್‌ಗೆ ಹೋಗುವಂತೆ ಏರ್ಪಾಟು ಮಾಡಿತು. ಅವುಗಳಲ್ಲಿ ಹೆಚ್ಚಿನವು ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಅಲ್ಲ ಎಂದು ಟ್ರಾಯ್ ಆಕ್ಷೇಪಿಸಿತು. 2016ರ ಫೆಬ್ರವರಿ 8ರಂದು ತಾರತಮ್ಯದ ದತ್ತಾಂಶ ದರಗಳನ್ನು ನಿಷೇಧಿಸಿದಾಗ ಪ್ರಾಧಿಕಾರ ತಲೆಗಳನ್ನು ಎಣಿಸಲಿಲ್ಲ, ವಾದಗಳನ್ನು ತೂಗಿತು. ಸಿದ್ಧ ಪತ್ರಗಳ ರಾಶಿಯನ್ನು ಹೇಗೆ ಓದಬೇಕು ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಕೆಟ್ಟ ನಿದರ್ಶನ 2020ರದು. ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆಗೆ ಕೇಂದ್ರ ಸರ್ಕಾರ ಸಾರ್ವಜನಿಕರಿಂದ ಆಕ್ಷೇಪಣೆ ಆಹ್ವಾನಿಸಿತ್ತು. ಸಿದ್ಧ ಪತ್ರಗಳ ನೆರವಿನಿಂದ ಯುವಜನರು ದೊಡ್ಡ ಸಂಖ್ಯೆಯಲ್ಲಿ ಇ-ಮೇಲ್ ಕಳುಹಿಸಿದರು. ಆಗಿನ ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ಅವರಿಗೆ ಇಂಥ ಪತ್ರಗಳು ಒಂದೇ ಸಮನೆ ಬರುತ್ತಿವೆ ಎಂಬ ದೂರಿನ ಮೇಲೆ ದೆಹಲಿ ಪೊಲೀಸರು ಫ್ರೈಡೇಸ್ ಫಾರ್ ಫ್ಯೂಚರ್ ಬಳಗದ ಭಾರತ ಘಟಕದ ಜಾಲತಾಣವನ್ನು ತಡೆಹಿಡಿಯುವಂತೆ ನೋಟಿಸ್ ನೀಡಿದರು. ಅದರಲ್ಲಿ ಉಲ್ಲೇಖಿಸಿದ್ದು ಭಯೋತ್ಪಾದನೆ ತಡೆಗೆಂದು ಇರುವ ಯುಎಪಿಎ ಕಾಯ್ದೆಯನ್ನು! ಅದು ಕಣ್ತಪ್ಪಿನಿಂದ ಆದದ್ದೆಂದು ಅನಂತರ ನೋಟಿಸನ್ನು ಹಿಂಪಡೆಯಲಾಯಿತು. ಅತ್ತ ಅದೇ ಕರಡು ಕನ್ನಡವೂ ಸೇರಿದಂತೆ ಜನರ ಭಾಷೆಗಳಲ್ಲಿ ಪ್ರಕಟವಾಗಿರಲಿಲ್ಲ ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದು, ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ನೀಡಿತು. ಓದಲು ಬರುವ ಭಾಷೆಯಲ್ಲಿ ಕರಡು ಕೊಡದ ಸರ್ಕಾರಕ್ಕೆ, ಜನ ಒಂದೇ ಮಾತಿನಲ್ಲಿ ಉತ್ತರ ಬರೆದದ್ದು ಮಾತ್ರ ಅಸಹನೀಯವೆನಿಸಿತು.

ಈ ಎಲ್ಲ ಪ್ರಸಂಗಗಳಿಂದ ನನಗೆ ಮನವರಿಕೆಯಾದದ್ದು ಇಷ್ಟು: ಕಂಪನಿಗಳೂ ಸರ್ಕಾರವೂ ಸಾಮೂಹಿಕ ಪತ್ರವನ್ನು ಅಳೆಯುತ್ತಿರುವುದು ಸಂಖ್ಯೆಯಿಂದ. ಅಳೆಯಬೇಕಾದದ್ದು ಎರಡು ಸಂಗತಿಗಳಿಂದ. ಓದುವವರು ಒಪ್ಪಿದ್ದಾರೆಯೇ? ಬರೆದವರು ನಿಜವಾಗಿಯೂ ತಾವು ಹೇಳಿಕೊಂಡವರೇ? ಈ ಅಳತೆಗೋಲು ಹಿಡಿದರೆ ಗೋಜಲು ಬಹಳಷ್ಟು ಬಗೆಹರಿಯುತ್ತದೆ. ಕೇಳದೆ ನಿವೇಶನ ಮಾರಲು ಬರುವ ಪತ್ರ ಐವತ್ತು ಮಂದಿಗೆ ಹೋದರೂ ತಪ್ಪು. ಸದಸ್ಯರ ಒಪ್ಪಿಗೆ ಪಡೆದ ಸಂಘದ ಪತ್ರ ಐದು ಸಾವಿರ ಮಂದಿಗೆ ಹೋದರೂ ಸರಿ. ಆಕ್ಷೇಪಣೆ ಸಲ್ಲಿಸಿ ಎಂದು ರಾಜಪತ್ರದಲ್ಲಿ ಪ್ರಕಟಿಸಿದ ಸಚಿವಾಲಯವಂತೂ ಪತ್ರ ಸ್ವೀಕರಿಸಲು ತಾನಾಗಿಯೇ ಒಪ್ಪಿಗೆ ಕೊಟ್ಟಾಗಿದೆ. ಬರುವ ಪತ್ರ ಹತ್ತಾದರೂ ಹತ್ತು ಲಕ್ಷವಾದರೂ ಅದು ಕಿರುಕುಳವಾಗಲು ಸಾಧ್ಯವಿಲ್ಲ. ಒಂದೇ ಒಕ್ಕಣೆಯ ಸಾವಿರ ಪತ್ರಗಳನ್ನು ಸಾವಿರ ವಾದಗಳೆಂದು ಓದಬೇಕಿಲ್ಲ. ಒಂದು ವಾದಕ್ಕೆ ಸಾವಿರ ಸಹಿಗಳೆಂದು ಓದಿದರೆ ಸಾಕು.

ಇದನ್ನು ಕಾನೂನಾಗಿಸುವುದು ಕಷ್ಟವೇನಲ್ಲ. ವ್ಯಾಪಾರದ ಇ-ಮೇಲ್‌ಗೆ ಪೂರ್ವಾನುಮತಿ, ಅನುಮತಿ ಹಿಂಪಡೆಯುವ ಸುಲಭ ದಾರಿ, ಕಳುಹಿಸಿದವರ ನಿಜ ಗುರುತು, ಇವು ಕಡ್ಡಾಯವಾಗಬೇಕು. ಶಿಕ್ಷೆ ದಂಡದ ರೂಪದಲ್ಲಿರಲಿ, ಸೆರೆವಾಸ ಬೇಡ. 66ಎ ಕಲಿಸಿದ ಪಾಠ ಅದು. ಸಾರ್ವಜನಿಕ ಅಭಿಪ್ರಾಯ ಕೇಳುವ ಇಲಾಖೆಗಳು ಬಂದ ಪತ್ರಗಳಿಗೆ ಸ್ವೀಕೃತಿ ನೀಡಬೇಕು, ವಿಳಾಸಗಳನ್ನು ಮರೆಮಾಡಿಯೇ ಪ್ರಕಟಿಸಬೇಕು. ಪತ್ರಗಳನ್ನು ತಡೆಹಿಡಿಯುವ ಕಂಪನಿಗಳು ಕಾರಣ ಹೇಳುವ, ಮೇಲ್ಮನವಿ ಕೇಳುವ ವ್ಯವಸ್ಥೆಯನ್ನು ಈ ನೆಲದಲ್ಲಿ ಹೊಂದಿರಬೇಕು.

ಇಂಥ ಕಟ್ಟುಪಾಡು ಸಣ್ಣ ಸಂಘಗಳಿಗೆ ಹೊರೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಅನುಭವವನ್ನೇ ಮುಂದಿಡಬಲ್ಲೆ. ನಮ್ಮ ಆರುನೂರ ನಲವತ್ತರ ಪಟ್ಟಿಯನ್ನು ಶೋಧಿಸಿದಾಗ ಸುಮಾರು ತೊಂಬತ್ತು ವಿಳಾಸಗಳು ಬೇರೊಂದು ಸಂಘದ ಪಟ್ಟಿಯಿಂದ ಬಂದವೆಂದು ತಿಳಿಯಿತು. ಹಾಗೆ ತೆಗೆದುಕೊಳ್ಳುವುದು ತಪ್ಪೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾನೂ ಥರ್ಕ್‌ನಂತೆ ವಿಳಾಸ ಪುಸ್ತಕ ತೆರೆದವನೇ. ಈಗ ಎಲ್ಲರಿಗೂ ಒಂದು ಸಾಲಿನ ಪ್ರಶ್ನೆ ಕಳುಹಿಸಿದ್ದೇವೆ: ನಮ್ಮ ಪತ್ರಗಳು ತಮಗೆ ಬರಬಹುದೇ? ಬಹುದು ಎಂದವರು ನಾನೂರ ಹನ್ನೊಂದು ಮಂದಿ. ಉಳಿದವರ ಹೆಸರು ತೆಗೆದಿದ್ದೇವೆ. ಇದಕ್ಕೆ ತಗುಲಿದ ಖರ್ಚು ಸೊನ್ನೆ. ತೀರಿಕೊಂಡವರ ಸಾಲುಗಳಿಗೆ ಈಗ ಬಣ್ಣ ಹಚ್ಚುವುದಿಲ್ಲ. ಅವುಗಳನ್ನು ಬೇರೊಂದು ಹಾಳೆಗೆ ಸಾಗಿಸಿದ್ದೇವೆ. ಪತ್ರ ಹೊರಡುವ ಮುನ್ನ ಇಬ್ಬರು ಕುಳಿತು ಪ್ರತಿಯೊಂದು ಹೆಸರನ್ನೂ ಗಟ್ಟಿಯಾಗಿ ಓದುತ್ತೇವೆ. ನಾನೂರು ಹೆಸರಿಗೆ ಅರ್ಧ ಗಂಟೆ ಸಾಕು.

ಆ ತಾಯಿಗೆ ನಾನು ಇ-ಮೇಲ್‌ನಲ್ಲಿ ಉತ್ತರಿಸಲಿಲ್ಲ, ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಹೆಚ್ಚು ಮಾತನಾಡಲಿಲ್ಲ. ವಿಳಾಸವನ್ನು ತೆಗೆಯಲೇ ಎಂದು ಕೇಳಿದಾಗ, 'ವಿಳಾಸ ಇರಲಿ, ಹೆಸರು ನನ್ನದು ಹಾಕಿ' ಎಂದರು. ಪಟ್ಟಿ ಮೊದಲಿಗಿಂತ ಚಿಕ್ಕದಾಗಿದೆ. ವಾರ್ಷಿಕ ಸಭೆಗೆ ಬಂದವರ ಸಂಖ್ಯೆ ಮಾತ್ರ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಲಿಲ್ಲ.